ಕುಸುರೆಳ್ಳಿನ ಕಿರೀಟ

ಭೋಗಿ ಹಬ್ಬದ ಬೆಳಿಗ್ಗೆ ಪದ್ಮನಾಭರು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಬೆಣ್ಣೆ ಸವರಿ ಮೊದಲ ತುತ್ತು ಬಾಯಿಗಿಡಬೇಕು, ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು. ಪಾಪ, ಆ ಮನುಷ್ಯನ ಹಣೆಬರಹವೇ ಹಾಗೆ. ಅವರ ಹೆಂಡತಿ ಸತ್ಯಭಾಮಾ ರೈಲ್ವೆಯಲ್ಲಿ ಕಳೆದ ಸಾಮಾನಿನ ಕೌಂಟರ್ ನೋಡಿಕೊಂಡು ನಿವೃತ್ತರಾದವರು. ಮಲ್ಕಾಜ್‌ಗಿರಿಯ ಆ ಅಪಾರ್ಟ್‌ಮೆಂಟಿನಲ್ಲಿ ಯಾರದೇನು ಕಾಣೆಯಾದರೂ ಜನ ಮೊದಲು ತಟ್ಟುವುದು ಅವರ ಬಾಗಿಲನ್ನೇ. ತಟ್ಟುವವರು ಊಟದ ಹೊತ್ತು ನೋಡಿಕೊಂಡೇ ಬರುತ್ತಾರೆ ಅನ್ನುವುದು ಪದ್ಮನಾಭರ ಖಾಯಂ ತಕರಾರು.

ಬಂದವಳು ಮೇಲಿನ ಮನೆಯ ಗಂಗೂಬಾಯಿಯ ಮಗಳು ಕೃಪಾ. ಹಬ್ಬಕ್ಕೆಂದು ಹಿಂದಿನ ದಿನ ತಾನೆ ಮಗಳು ಅನ್ವಿತಾಳನ್ನು ಕರೆದುಕೊಂಡು ವಿಜಯಪುರದಿಂದ ಬಂದಿದ್ದಳು.

"ಕಾಕೂ, ಜಲ್ದಿ ಬರ್ರಿ. ನಮ್ಮ ಮನ್ಯಾಗ ದಾಗಿನ ಹೋಗ್ಯಾವ!"

"ಬಂಗಾರದ್ದೇನು?" ಎಂದು ಪದ್ಮನಾಭರು ರೊಟ್ಟಿ ಕೆಳಗಿಟ್ಟರು.

"ಬಂಗಾರದ್ದಾಗಿದ್ರ ಇಷ್ಟು ಸಂಕಟ ಆಗತಿದ್ದಿಲ್ಲರಿ. ಕೂಸಿನ ಕುಸುರೆಳ್ಳಿನ ದಾಗಿನ!"

ಪದ್ಮನಾಭರ ಮುಖ ಗಂಭೀರವಾಯಿತು. ಆ ಒಡವೆಗಳ ಸಂಗತಿ ಅವರಿಗೆ ಗೊತ್ತಿತ್ತು. ಗಂಗೂಬಾಯಿಯ ಕಡೆ ಕೂಸಿನ ಮೊದಲ ಸಂಕ್ರಮಣಕ್ಕೆ ಕರಿ ಅಂಗಿ ತೊಡಿಸಿ, ಸಕ್ಕರೆ ಕಟ್ಟಿದ ಎಳ್ಳನ್ನು ಪೋಣಿಸಿ ಮಾಡಿದ ಕಿರೀಟ, ಸರ, ತೋಳಬಂದಿ ಇಟ್ಟು, ತಲೆಯ ಮೇಲೆ ಬಾರಿಹಣ್ಣು, ಅಂದರೆ ಎಲಚಿ ಹಣ್ಣು, ಎರೆಯುತ್ತಾರೆ. ಆಮೇಲೆ ಮನೆ ಮಂದಿಯೆಲ್ಲ ಅದೇ ವೇಷದ ಕೂಸನ್ನು ಎತ್ತಿಕೊಂಡು ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನಕ್ಕೆ ಹೋಗಿ, ಗೇಟಿನ ಮುಂದೆ ಫೋಟೋ ತೆಗೆಸಿಕೊಂಡು, ಮಕ್ಕಳನ್ನು ಪುಟಾಣಿ ರೈಲು ಹತ್ತಿಸಿ, ಕೈಕಾಲು ಸೋತು ಮನೆಗೆ ಬರಬೇಕು. ಗಂಗೂಬಾಯಿಯ ಗೋಡೆಯ ಮೇಲೆ ಮಗ ಕಾಶಿನಾಥನಿಂದ ಹಿಡಿದು ಅನ್ವಿತಾಳವರೆಗೆ ಎಲ್ಲರ ಕಿರೀಟದ ಫೋಟೋ ಇದ್ದವು. ಈ ಸಲ ಕಾಶಿನಾಥ ಮತ್ತು ಸಂಯುಕ್ತಾರ ಮಗ ಋಷಭನ ಸರದಿ. ಮುದುಕಿ ತಿಂಗಳುಗಟ್ಟಲೆ ಥಂಡಿಯ ಮುಂಜಾನೆ ಇದ್ದಿಲ ಶೇಗಡಿಯ ಮುಂದೆ ಕೂತು, ಎಳ್ಳಿನ ಮೇಲೆ ಹನಿಹನಿ ಪಾಕ ಬಿಟ್ಟು, ಬೆರಳಲ್ಲೇ ಆಡಿಸಿ ಸಕ್ಕರೆಯ ಮುಳ್ಳು ಎಬ್ಬಿಸಿದ್ದಳು.

"ಯಾರ ಮ್ಯಾಲ ಅನುಮಾನ?" ಸತ್ಯಭಾಮಾ ಕೇಳಿದರು.

"ಅನುಮಾನ ಎಲ್ಲಿಂದರಿ, ನಮ್ಮ ವೈನಿ ಸಂಯುಕ್ತಾನ ಒಪ್ಪಿಕೊಂಡಾಳ. ಭೋಗಿ ಬೆಂಕಿಗೆ ಹಾಕಿದ್ಳಂತ! ಅವರ ಕಡೆ ಕೂಸಿಗೆ ಕರಿ ಅರಿವಿ ಹಾಕಂಗಿಲ್ಲಂತ, ಹೋದ ವಾರನ ಜಗಳ ಆಗಿತ್ತು. ಈಗ ಸಂಜಿ ಗಾಡಿಗೆ ಕೂಸಿನ ಕರ್ಕೊಂಡು ವರಂಗಲ್ಲಿಗೆ ಹೋಗ್ತೀನಿ ಅಂತ ಬ್ಯಾಗ್ ತುಂಬಾಕತ್ತಾಳ. ಹೋದ್ರ ಮತ್ತ ಬರೂದು ಖಾತ್ರಿ ಇಲ್ಲ."

"ಒಪ್ಪಿಕೊಂಡ ಮ್ಯಾಲ ನಾ ಯಾಕ ಬೇಕು?"

"ಅವ್ವ ನಂಬವಲ್ಲಳು. ಸತ್ಯಭಾಮಾ ಹೇಳಿದ್ರ ಮಾತ್ರ ನಂಬ್ತೀನಿ ಅಂತ ಹಟ ಹಿಡಿದಾಳ."

ಮೆಟ್ಟಿಲು ಹತ್ತುವಾಗ ಪದ್ಮನಾಭರು ನಸುಕಿನ ಬೆಂಕಿಯನ್ನು ನೆನೆದುಕೊಂಡರು. ತೆಲುಗು ನೆರೆಯವರು ಅಂಗಳದಲ್ಲಿ ಹಚ್ಚುವ ಆ ಬೆಂಕಿಗೆ ಈಗ ಎಲ್ಲರೂ ಮನೆಯ ಹಳೆಯದೊಂದನ್ನು ತಂದು ಹಾಕುತ್ತಾರೆ. ತಾವು ಕಾಲು ಮುರಿದ ಮಣೆ ಹಾಕಿದ್ದರು. ಗಂಗೂಬಾಯಿ ಅನ್ವಿತಾಳ ಕೈ ಹಿಡಿದು ಬಂದು ಒಂದು ಕರಿ ಗಂಟು ಹಾಕಿ ಕೈಮುಗಿದಿದ್ದಳು. ಕೃಪಾ ಪ್ರಯಾಣದ ದಣಿವಿಗೆ ಎದ್ದೇ ಇರಲಿಲ್ಲ. ಸಂಯುಕ್ತಾ ಮೇಲಿನ ಕಿಟಕಿಯಲ್ಲಿ ಕೂಸನ್ನು ಎತ್ತಿಕೊಂಡು ನಿಂತು, ಬೆಂಕಿ ಆರುವವರೆಗೂ ಅದರ ಪುಟ್ಟ ಕೈಯಿಂದ ಟಾಟಾ ಮಾಡಿಸುತ್ತಿದ್ದಳು. ಎಷ್ಟು ಚಂದ ಕಾಣುತ್ತಿದ್ದಳು ಹುಡುಗಿ! ಹೊಟ್ಟೆಯಲ್ಲಿ ಇಷ್ಟು ವಿಷವಿದೆಯೆಂದು ಯಾರಿಗೆ ಗೊತ್ತು ಎಂದು ಅವರು ನಿಟ್ಟುಸಿರು ಬಿಟ್ಟರು. ಪದ್ಮನಾಭರು ಯಾವ ಪ್ರಕರಣದಲ್ಲೂ ತಪ್ಪು ತೀರ್ಮಾನಕ್ಕೆ ಬರಲು ತಡ ಮಾಡಿದವರಲ್ಲ.

ಗಂಗೂಬಾಯಿಯ ಕೋಣೆಯಲ್ಲಿ ಒಂದು ಮಂಚ, ಒಂದು ಟ್ರಂಕು, ಕಿಟಕಿಯ ಹತ್ತಿರ ಹಳೆಯ ಆರಾಮ ಕುರ್ಚಿ. ಪದ್ಮನಾಭರು ಕುರ್ಚಿಯಲ್ಲಿ ಕೂತು ಬೆನ್ನಿಗೆ ಮೆತ್ತಗೆ ಸಿಕ್ಕಿದ ದಿಂಬಿಗೆ ಒರಗಿದರು. ಗಂಗೂಬಾಯಿ ದನಿ ಕೇಳಿದ ಮೇಲೆ, "ಬಾ ಸತ್ಯಭಾಮಾ" ಎಂದು ಕರೆದು, ಅತ್ತ ಕಣ್ಣುಗಳಲ್ಲೇ ಚಹಾ ಮಾಡಿ ತಂದಳು. ಪದ್ಮನಾಭರು ಒಂದು ಗುಟುಕು ಕುಡಿದು ಹಾಗೇ ಕೂತುಬಿಟ್ಟರು. ಚಹಾ ಉಪ್ಪುಪ್ಪು.

ಕೃಪಾ ತಾನೂ ಕುಡಿದು ಮುಖ ಕಿವುಚಿದಳು. "ಅವ್ವಾ, ಉಪ್ಪು ಹಾಕಿದೆಲ್ಲ! ನಿನ್ನೆ ಬಂದಾಕಿನ ಡಬ್ಬಿ ಎಲ್ಲಾ ತೊಳೆದು ಹೊಸದಾಗಿ ಹೊಂದಿಸಿ ಇಟ್ಟೀನಿ. ನೋಡಿ ಹಾಕಬಾರದೇನು?"

"ಮನಸ್ಸು ನೆಟ್ಟಗಿಲ್ಲವಾ, ತಪ್ಪಿತು," ಎಂದಳು ಗಂಗೂಬಾಯಿ.

ಸತ್ಯಭಾಮಾ ಮಾತ್ರ ಲೋಟವನ್ನು ಪೂರಾ ಖಾಲಿ ಮಾಡಿದರು. "ದಾಗಿನ ಎಲ್ಲಿಟ್ಟಿದ್ರಿ?"

"ನನ್ನ ಕರಿ ಸೀರಿ ಹರಿದು, ಅರ್ಧಾದಾಗ ಗಂಟು ಕಟ್ಟಿದ್ದೆ. ಮುಳ್ಳು ಮುರೀಬಾರದಂತ ಒಳಗ ಹತ್ತಿ ತುಂಬಿದ್ದೆ," ಎಂದಳು ಮುದುಕಿ. "ಕಿರೀಟಕ್ಕ ಒಳಗ ತಾಮ್ರದ ತಂತಿ ಹಾಕಿದ್ದೆ, ಗಟ್ಟಿ ಇರ್ಲಿ ಅಂತ. ಎಲ್ಲಾ ಮುಗಿದಿತ್ತವಾ."

"ನಾನ ಕೈಯಾರೆ ಟ್ರಂಕಿನ ಮ್ಯಾಲ ಇಟ್ಟಿದ್ದೆ," ಎಂದಳು ಕೃಪಾ. "ನಿನ್ನೆ ಕೌದಿ ತೆಗ್ಯಾಕ ಟ್ರಂಕು ತೆರೆದೆ, ಮ್ಯಾಲಿದ್ದದ್ದು ಇಳಿಸಿದೆ, ಮುಚ್ಚಿದ ಮ್ಯಾಲ ದಾಗಿನದ ಗಂಟು ಅದರ ಮ್ಯಾಲ ಇಟ್ಟೆ. ಕುರ್ಚಿ ಮ್ಯಾಲ ಇದ್ರ ಯಾರರ ಕುಂತು ಗಿಂತಾರು ಅಂತ. ಇವತ್ತು ಜಳಕ ಆದಮ್ಯಾಲ ನೋಡಿದ್ರ ಟ್ರಂಕು ಖಾಲಿ. ಬಾಲ್ಕನಿಗೆ ಬಂದ್ರ ವೈನಿ ಕೆಳಗ ಬೂದಿ ಕೆದರಾಕತ್ತಾಳ! ಸುಟ್ಟಾವೋ ಇಲ್ಲೋ ಅಂತ ನೋಡಾಕ ಹೋಗಿದ್ಳು, ಮತ್ತೇನು."

ಸತ್ಯಭಾಮಾ ಸಂಯುಕ್ತಾಳನ್ನು ಕರೆಸಿದರು. ಅವಳ ಉಗುರಿನ ಸಂದಿನಲ್ಲಿ ಇನ್ನೂ ಬೂದಿಯಿತ್ತು, ಕಣ್ಣು ಊದಿಕೊಂಡಿತ್ತು. "ನಾನೇ ಹಾಕಿದೆ ಆಂಟಿ. ಎಲ್ಲರೂ ಬೆಂಕಿ ಹತ್ರ ಇರೋವಾಗ ಇಳಿದು ಹೋಗಿ ಹಾಕಿ ಬಂದೆ. ಅಷ್ಟೇ."

"ಹಾಕಿದಾಕಿಗೆ ಸುಟ್ಟದ್ದು ಗೊತ್ತಿರತದ. ಮತ್ತ ಬೂದಿ ಯಾಕ ಕೆದರಿದಿ?"

ಸಂಯುಕ್ತಾ ಒಂದು ಸಲ ಪದ್ಮನಾಭರು ಕೂತ ಕುರ್ಚಿಯ ಕಡೆ ನೋಡಿ ತಲೆ ತಗ್ಗಿಸಿದಳು.

ಬಾಗಿಲಲ್ಲಿ ಅನ್ವಿತಾ ಮುಖ ಸಣ್ಣದು ಮಾಡಿ ನಿಂತಿದ್ದಳು. ಏಳು ವರ್ಷದ ಹುಡುಗಿಗೆ ನುಮಾಯಿಷ್ ತಪ್ಪಿದ್ದೇ ದೊಡ್ಡ ದುಃಖ. ಸತ್ಯಭಾಮಾ ಹತ್ತಿರ ಕೂರಿಸಿಕೊಂಡರು.

"ನುಮಾಯಿಷ್‌ನ್ಯಾಗ ನಿನಗ ಏನು ಭಾಳ ಸೇರತೈತಿ?"

"ರೈಲು. ಆಮ್ಯಾಲ ಗುಲಾಬಿ ಹತ್ತಿ ಮಿಠಾಯಿ. ಇವತ್ತು ಬೆಂಕಿನೂ ಅದರಂಗ ವಾಸನಿ ಬರಾಕತ್ತಿತ್ತು, ಅಜ್ಜಿ. ಆ ಮಿಠಾಯಿ ಗಾಡಿ ಹತ್ರ ಬರತದಲ್ಲ, ಹಂಗ!"

"ಹುಡುಗಿಗೆ ನಿದ್ದಿಗಣ್ಣಾಗೂ ಮಿಠಾಯಿನ," ಎಂದು ಪದ್ಮನಾಭರು ನಕ್ಕರು. ಸತ್ಯಭಾಮಾ ನಗಲಿಲ್ಲ. ಹುಡುಗಿಯ ಕೆನ್ನೆ ತಟ್ಟಿ ಎದ್ದರು. "ಕಾಶಿನಾಥಗ ಮಾದಾಪುರದ ಆಫೀಸಿಂದ ಜಲ್ದಿ ಬಾ ಅಂತ ಫೋನ್ ಮಾಡ್ರಿ. ಸಂಯುಕ್ತಾ, ನಾ ಬರೂತನಕಾ ಬ್ಯಾಗಿನ ಚೈನ್ ಎಳೀಬ್ಯಾಡ."

ಮನೆಗೆ ಬಂದು ಆರಿದ ರೊಟ್ಟಿ ಮುರಿಯುತ್ತ ಪದ್ಮನಾಭರು ತೀರ್ಪು ಕೊಟ್ಟರು: "ಸಕ್ರಿ ವಾಸನಿ ಬಂತಂದ್ರ ದಾಗಿನ ಬೆಂಕಿಗೆ ಬಿದ್ದದ್ದು ಖರೆ. ಸೊಸಿ ಒಪ್ಪಿಕೊಂಡಾಳ. ಮುಗೀತಲ್ಲ ಕೇಸು."

"ನಸುಕಿನ್ಯಾಗ ಆಕಿನ್ನ ನೀವು ಎಲ್ಲಿ ನೋಡಿದ್ರಿ?"

"ಕಿಟಕಿಯೊಳಗ. ಬೆಂಕಿ ಆರೂತನಕಾ ಅಲ್ಲೇ..." ಪದ್ಮನಾಭರ ಬಾಯಿ ಅರ್ಧಕ್ಕೇ ನಿಂತಿತು. "ಅಂದ್ರ ಆಕಿ ಇಳದು ಬರಲೇ ಇಲ್ಲ! ಮತ್ತ ಸುಳ್ಳು ಯಾಕ ಹೇಳ್ತಾಳ?"

"ಅದು ಗೊತ್ತಾಗೇತಿ. ಗೊತ್ತಾಗಿದ್ದಕ್ಕ ಸಂಕಟ," ಎಂದರು ಸತ್ಯಭಾಮಾ. "ಖರೆ ಹೇಳಿದ್ರ ಒಂದು ಜೀವಕ್ಕ ನೋವು. ಹೇಳದಿದ್ರ ಆ ಮನಿ ಒಡೀತದ." ಅವರು ಪಲ್ಯವನ್ನೂ ಮುಟ್ಟಲಿಲ್ಲ. ಹೆಂಡತಿ ಉಣ್ಣದೆ ಕೂತದ್ದನ್ನು ನೋಡಿ ಪದ್ಮನಾಭರಿಗೂ ಮೊದಲ ಬಾರಿಗೆ ರೊಟ್ಟಿ ರುಚಿಸಲಿಲ್ಲ.

ಮಧ್ಯಾಹ್ನ ಎಲ್ಲರೂ ಗಂಗೂಬಾಯಿಯ ಕೋಣೆಯಲ್ಲಿ ಸೇರಿದರು. ಕಾಶಿನಾಥ ಆಫೀಸಿನ ಗುರುತಿನ ಪಟ್ಟಿ ಕೊರಳಲ್ಲೇ ಇಟ್ಟುಕೊಂಡು ಬಂದಿದ್ದ, ತಂಗಿ ಮತ್ತು ಹೆಂಡತಿಯ ನಡುವೆ ಯಾರ ಮುಖ ನೋಡಬೇಕೆಂದು ತಿಳಿಯದೆ ಗೋಡೆಯ ಫೋಟೋಗಳನ್ನೇ ನೋಡುತ್ತಿದ್ದ. ಪದ್ಮನಾಭರು ಅದೇ ಕುರ್ಚಿ ಹಿಡಿದರು.

"ಕೌಂಟರಿನ್ಯಾಗ ನಾ ಕಂಡದ್ದು ಇಷ್ಟ," ಎಂದು ಸತ್ಯಭಾಮಾ ಶುರು ಮಾಡಿದರು. "ರೈಲಿನ್ಯಾಗ ಕದ್ದದ್ದಕ್ಕಿಂತ ಬದಲಾದದ್ದು ಜಾಸ್ತಿ. ಒಂದೇ ಥರದ ಎರಡು ಬ್ಯಾಗ್ ಇದ್ದಲ್ಲಿ ನಾ ಕಳ್ಳನ್ನ ಹುಡುಕತಿದ್ದಿಲ್ಲ. ಉಳಿದ ಬ್ಯಾಗ್ ಎಲ್ಲೈತಿ ಅಂತ ಹುಡುಕತಿದ್ದೆ. ಸಕ್ರಿ ದಾಗಿನ ಕದ್ದು ಯಾರು ಏನು ಮಾಡ್ತಾರ? ತಿಂದಿದ್ರ ಒಂದು ಚೂರರ ಉದುರಬೇಕಿತ್ತು, ಇಷ್ಟೊತ್ತಿಗೆ ಇರಿವಿ ಸಾಲು ಹಿಡೀಬೇಕಿತ್ತು. ಒಂದೂ ಇಲ್ಲ. ಅನ್ವಿತಾನ ಮೂಗು ಖರೆ ಹೇಳೇತಿ. ದಾಗಿನ ಬೆಂಕಿಗೆ ಬಿದ್ದಾವ."

"ನಾ ಹೇಳಿದ್ನಲ್ಲ!" ಎಂದಳು ಕೃಪಾ.

"ತಡಿಯವಾ. ಸಂಯುಕ್ತಾ ಹಾಕಿಲ್ಲ. ಬೆಂಕಿ ಆರೂತನಕಾ ಆಕಿ ಕೂಸಿನ ಹಿಡ್ಕೊಂಡು ಕಿಟಕ್ಯಾಗ ನಿಂತದ್ದು ನಮ್ಮನಿಯವರು ನೋಡ್ಯಾರ. ನೀ ಮಲಗಿದ್ದಿ. ಹಂಗಾರ ಬೆಂಕಿಗೆ ಕರಿ ಗಂಟು ಹಾಕಿದವರು ಯಾರು? ಒಬ್ಬರ." ಅವರು ಗಂಡನ ಕಡೆ ತಿರುಗಿದರು. "ರೀ, ಏಳ್ರಿ. ನೀವು ಒರಗಿ ಕುಂತದ್ದು ದಿಂಬಲ್ಲ."

ಪದ್ಮನಾಭರು ಚೇಳು ಕುಟುಕಿದವರ ಹಾಗೆ ಎದ್ದರು. ಬೆನ್ನ ಹಿಂದಿದ್ದದ್ದು ಕರಿ ಸೀರೆಯ ಉಳಿದ ಅರ್ಧದ ಗಂಟು. ಕೃಪಾ ಬಿಚ್ಚಿದಳು. ಒಳಗೆ ಬರೀ ಹರಿದ ಚಿಂದಿ.

"ಇದು ನಿನ್ನೆ ಟ್ರಂಕಿನ ಮ್ಯಾಲಿದ್ದದ್ದು, ಭೋಗಿ ಬೆಂಕಿಗಂತ ಅವ್ವ ಕಟ್ಟಿಟ್ಟದ್ದು," ಎಂದಳು ಕೃಪಾ ಮೆಲ್ಲಗೆ. "ಕೌದಿ ತೆಗೆಯಾಕ ನಾನ ಇಲ್ಲಿ ಇಟ್ಟೆ. ದಾಗಿನ ಇಲ್ಲಿತ್ತು, ಅಲ್ಲಿ ಇಟ್ಟೆ..."

"ಹೌದು. ಸಕ್ರಿ ಡಬ್ಬಿ ಜಾಗಕ್ಕ ಉಪ್ಪು ಇಟ್ಟಂಗ," ಎಂದರು ಸತ್ಯಭಾಮಾ. ದನಿ ಬಹಳ ಮೃದುವಾಗಿತ್ತು. "ಈ ಮನ್ಯಾಗ ಒಬ್ಬರು ಎಲ್ಲಾನೂ ಜಾಗದ ಗುರ್ತಿನ ಮ್ಯಾಲ ತಗೋತಾರ, ಕಣ್ಣಿನ ಮ್ಯಾಲ ಅಲ್ಲ. ಮುಟ್ಟಿ ನೋಡಿದ್ರೂ ಎರಡೂ ಮೆತ್ತಗ, ಎರಡೂ ಹಗುರ."

ಗಂಗೂಬಾಯಿ ಕೈ ಚಾಚಿ ಆ ಚಿಂದಿಯನ್ನು ಸವರಿದಳು.

"ಅಂದ್ರ ನಾನ," ಎಂದಳು. "ನನ್ನ ಕೂಸಿನ ಕಿರೀಟ ನಾನ ಸುಟ್ಟು, ಮ್ಯಾಲ ಕೈಮುಗಿದು ಬಂದೆ."

"ಅತ್ತಮ್ಮಾ!" ಸಂಯುಕ್ತಾ ಅವಳ ಕಾಲ ಹತ್ತಿರ ಕುಸಿದು ಕೂತಳು. ಸೆರಗಿನ ಗಂಟು ಬಿಚ್ಚಿ, ಕಪ್ಪಾಗಿ ಸುಟ್ಟ ತಾಮ್ರದ ತಂತಿಯ ಬಳೆಯೊಂದನ್ನು ತೆಗೆದಳು. "ಕುರ್ಚಿ ಮೇಲೆ ಚಿಂದಿ ಗಂಟು ನೋಡಿದೆ, ಗೊತ್ತಾಯ್ತು. ಬೂದಿಯಲ್ಲಿ ಇದು ಸಿಕ್ಕಿತು. ಹೇಗೆ ಹೇಳಲಿ? ಅವತ್ತು ಶೇಗಡಿ ಮುಂದೆ ನೀವೇ ಅಂದಿರಿ, ಕಣ್ಣು ಹೋದರೆ ಈ ಮನೆಯಲ್ಲಿ ನನಗೇನು ಕೆಲಸ ಅಂತ. ನನ್ನ ಬೈದರೆ ನಾಲ್ಕು ದಿನ. ನಿಮಗೆ ಗೊತ್ತಾದರೆ ನೀವು ಮತ್ತೆ ಪಾಕಕ್ಕೆ ಕೈ ಹಾಕೋದೇ ಇಲ್ಲ ಅನ್ನಿಸ್ತು."

ಕಾಶಿನಾಥ ಮುಖ ಮುಚ್ಚಿಕೊಂಡ. ಕೃಪಾ ಸಂಯುಕ್ತಾಳ ಭುಜ ಹಿಡಿದು, "ವೈನಿ, ನನ್ನ ನಾಲಿಗಿಗೆ ಬೆಂಕಿ ಹಾಕ," ಎಂದು ಅತ್ತೇಬಿಟ್ಟಳು. ಪದ್ಮನಾಭರಿಗೂ ಕಣ್ಣು ತುಂಬಿ ಬಂತು. ನಸುಕಿನ ಹುಡುಗಿಯ ಬಗ್ಗೆ ಮನಸ್ಸಿನಲ್ಲಿ ಆಡಿದ ಮಾತು ನೆನೆದು ನಾಚಿಕೆಯೂ ಆಯಿತು.

ಅಳದೇ ಇದ್ದವಳು ಗಂಗೂಬಾಯಿ ಒಬ್ಬಳೇ. ತಂತಿಯನ್ನು ಬೆರಳಲ್ಲಿ ತಿರುಗಿಸುತ್ತ, ಬಾಗಿದ ಕಡೆ ನೆಟ್ಟಗೆ ಮಾಡಿದಳು. "ಹುಚ್ಚಿ! ನನ್ನ ಸಲುವಾಗಿ ಕೂಸಿನ ತಗೊಂಡು ಮನಿ ಬಿಟ್ಟು ಹೊಂಟಿದ್ದೇನು? ಕಣ್ಣು ಹೋದ್ರ ಹೋಗ್ಲಿ, ನೀ ಹೋದ್ರ ನಾ ಏನು ಮಾಡ್ಲಿ?" ಸೊಸೆಯ ತಲೆಗೆ ಮೆಲ್ಲಗೆ ಒಂದು ಏಟು ಬಿತ್ತು. "ಏಳು, ಬ್ಯಾಗ್ ಬಿಚ್ಚು. ಕಾಶಿನಾಥಾ, ನನ್ನ ಕಣ್ಣಿನ ಡಾಕ್ಟರಗ ತೋರಿಸು. ರಥಸಪ್ತಮಿ ತನಕಾ ಬಾರಿಹಣ್ಣು ಎರೀಬಹುದು, ವ್ಯಾಳ್ಯಾ ಐತಿ. ಪಾಕದ ಹದ ನನ್ನ ಬೆರಳಿಗೆ ಗೊತ್ತು. ಮುಳ್ಳು ಎದ್ದಾವೋ ಇಲ್ಲೋ ನೀ ನೋಡಿ ಹೇಳಬೇಕು."

ರಥಸಪ್ತಮಿಯ ಹೊತ್ತಿಗೆ ಎರಡು ಕೈ ಮತ್ತು ಎರಡು ಕಣ್ಣು ಸೇರಿ ಹೊಸ ಕಿರೀಟ ಕಟ್ಟಿದವು, ಒಳಗೆ ಅದೇ ಸುಟ್ಟ ತಂತಿ. ಅಂಗಿ ಕರಿಯದೇ, ಆದರೆ ಅಂಚಿಗೆ ಸಂಯುಕ್ತಾ ಹೊಲಿದ ಹಳದಿ ಪಟ್ಟಿ. ಬಾರಿಹಣ್ಣು ಎರೆದ ಮೇಲೆ ಎಲ್ಲರೂ ಆಟೋ, ಮೆಟ್ರೋ ಎರಡೂ ಹಿಡಿದು ನಾಂಪಲ್ಲಿಗೆ ಹೋದರು. ಅನ್ವಿತಾ ಪುಟಾಣಿ ರೈಲಿನಲ್ಲಿ ಎರಡು ಸಲ ಕೂತಳು. ಹತ್ತಿ ಮಿಠಾಯಿಯ ಗಾಡಿಯ ಮುಂದೆ ಪದ್ಮನಾಭರು ಅವಳಿಗೊಂದು, ತಮಗೊಂದು ಕೊಂಡರು.

ನುಮಾಯಿಷ್ ಗೇಟಿನ ಮುಂದೆ ಫೋಟೋಕ್ಕೆ ನಿಂತಾಗ ಗಂಗೂಬಾಯಿ ಸೊಸೆಯ ಕಿವಿಯಲ್ಲಿ ಕೇಳಿದಳು. ಕಣ್ಣಿನ ಶಸ್ತ್ರಕ್ರಿಯೆ ಮುಂದಿನ ವಾರವಿತ್ತು.

"ಹೆಂಗ ಕಾಣಾಕತ್ತಾನ ನನ್ನ ರಾಜಾ?"

"ಚೆನ್ನಾಗಿದಾನೆ ಅತ್ತಮ್ಮ. ಕಿರೀಟ ನೆಕ್ಕುತ್ತಾ ಇದಾನೆ. ಆದರೆ..." ಸಂಯುಕ್ತಾಳ ದನಿ ಇಳಿಯಿತು. "ಒಂದು ಕಡೆ ಡೊಂಕಾಗಿದೆ. ನಾನು ಪೋಣಿಸಿದ ಕಡೆ."

"ಅದನ್ನ ನಾ ಮುಟ್ಟಿದ ಕೂಡಲೇ ತಿಳಿದಿತ್ತು," ಎಂದಳು ಗಂಗೂಬಾಯಿ. "ನೆಟ್ಟಗ ಮಾಡಾಕ ಬರತಿತ್ತು. ನಾನ ಬಿಟ್ಟೆ. ಗ್ವಾಡಿ ಮ್ಯಾಲಿನ ಫೋಟೋದಾಗ ನಿನ್ನ ಕೈನೂ ಇರಬೇಕಲ್ಲ."