ಹದಿನಾಲ್ಕನೇ ಪೋರ್ಟ್ ಪ್ರಕರಣ

ದಿನಾಂಕ 18 ಆಗಸ್ಟ್ 2025, ಸೋಮವಾರ, ಬೆಳಿಗ್ಗೆ 8.40. ಕೊಲ್ಲಿ ನಾಡಿನ ಜೆಬೆಲ್ ಅಲಿಯ ಗೋದಾಮೊಂದರ ಸೆಕ್ಯುರಿಟಿ ಕೋಣೆಗೆ ದೂರು ಬಂತು. ತಂದವರು ಡಾಕ್ ಸೂಪರ್‌ವೈಸರ್ ಕಜೆತಾನ್. ಹಿಂದಿನ ವಾರ ಐದು ದಿನವೂ ಮಧ್ಯಾಹ್ನದ ಊಟದ ಹೊತ್ತಿಗೆ ಲೇಬಲ್ ಪ್ರಿಂಟರ್ ಸತ್ತಿದೆ. ಲೇಬಲ್ ಇಲ್ಲದೆ ಲಾರಿಗಳು ಸಾಲುಗಟ್ಟಿ ನಿಂತಿವೆ.

ದೂರು ಬರೆದುಕೊಂಡವರು ಸೆಕ್ಯುರಿಟಿ ಮುಖ್ಯಸ್ಥ ಮುನಿಸ್ವಾಮಿ. ಕೋಲಾರದಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಇಲ್ಲಿ ಅವರಿಗೆ ಒಂದು ನೊಣವನ್ನು ಬಂಧಿಸುವ ಅಧಿಕಾರವೂ ಇರಲಿಲ್ಲ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಮೂರು ವರ್ಷದಲ್ಲಿ ಸಿಕ್ಕ ಮೊದಲ ಕೇಸು. ಬಿಳಿ ಹಾಳೆಯ ಮೇಲೆ ‘ಎಫ್‌ಐಆರ್ ಸಂಖ್ಯೆ 1’ ಎಂದು ಬರೆದು ಅಡಿಗೆರೆ ಎಳೆದರು.

“ಯಾರ ಮೇಲೆ ಅನುಮಾನ?”

“ಆ ನೆಟ್‌ವರ್ಕ್‌ನ ಚಿರಂತನ್ ಮೇಲೆ ಮಾರಾಯ್ರೆ. ಅವ ಸ್ವಿಚ್ಚಿಗೆ ಎಂತದೋ ಮಾಡಿದ ಮೇಲೇ ಇದು ಶುರುವಾದದ್ದು.”

ಮೈಸೂರಿನ ಚಿರಂತನ್‌ನ ಪ್ರೊಬೇಷನ್ ಬುಧವಾರ ಮುಗಿಯುತ್ತಿತ್ತು. ಕೆಲಸ ಕಾಯಂ ಆದರೆ ಹೆಂಡತಿ ಮಾನ್ಯಳಿಗೂ ವೀಸಾ. ಇಲ್ಲದಿದ್ದರೆ ಅವನೇ ಊರಿಗೆ ವಾಪಸ್ಸು. ಪ್ರಿಂಟರ್ ಸರಿಯಾಗದೆ ಸಹಿ ಹಾಕುವುದಿಲ್ಲ ಎಂದು ಮ್ಯಾನೇಜರ್ ಹೇಳಿಯಾಗಿತ್ತು.

9.15ಕ್ಕೆ ವಿಚಾರಣೆ.

“ಏನಪ್ಪಾ ಮಾಡಿದೆ?”

“ಕಾವಲು ಹಾಕಿದೆ ಸಾರ್. ನೆಟ್ ಕೇಬಲ್ಲೆಲ್ಲ ಬಂದು ಸೇರೋ ಪೆಟ್ಟಿಗೇನೇ ಸ್ವಿಚ್, ಅದರ ತೂತುಗಳೇ ಪೋರ್ಟು. ಸ್ವಿಚ್‌ನ ಯಾವ ಪೋರ್ಟಿಗೆ ಕೇಬಲ್ ಚುಚ್ಚಿದ್ರೂ ಯಂತ್ರ ಮೊದಲು ತನ್ನ ಗುರುತು ಹೇಳ್ಬೇಕು. ಸರಿ ಇದ್ರೆ ಒಳಗೆ. ಪ್ರಿಂಟರ್ ಹಳೇದು, ಅದಕ್ಕೆ ಹೇಳೋಕೆ ಬರಲ್ಲ. ಅದರ ವಿಳಾಸದ ನಂಬರ್ ನಾನೇ ಬರ್ಕೊಂಡು ಹದಿನಾಲ್ಕನೇ ಪೋರ್ಟಲ್ಲಿ ಬಿಟ್ಟಿದ್ದೀನಿ.”

“ಅಲ್ಲಿ ಬೇರೆ ಯಂತ್ರ ಚುಚ್ಚಿದ್ರೆ?”

“ಪೋರ್ಟೇ ಮುಚ್ಕೊಳ್ಳುತ್ತೆ. ಆಮೇಲೆ ನಾನೇ ತೆಗೀಬೇಕು.”

“ದಾಖಲೆ ತೋರ್ಸು.”

ಸ್ವಿಚ್ಚಿನ ದಾಖಲೆಯಲ್ಲಿ ಐದು ದಿನವೂ ಒಂದೇ ಸಾಲು: 13.05, ಪರಿಚಯವಿಲ್ಲದ ಯಂತ್ರ, ಪ್ರಿಂಟರಿನದ್ದಲ್ಲದ ಅದೇ ಒಂದು ವಿಳಾಸ.

“ನಾನು ಆಫೀಸಿಂದ ಓಡಿ ಬರೋಷ್ಟರಲ್ಲಿ ಅಲ್ಲಿ ಪ್ರಿಂಟರ್ ಬಿಟ್ರೆ ಏನೂ ಇರಲ್ಲ ಸಾರ್. ಯಾರೂ ನಂಬಲ್ಲ.”

“ನಾನು ನಂಬ್ತೀನಿ,” ಎಂದರು ಮುನಿಸ್ವಾಮಿ. ಅವರಿಗೆ ಸಂತೋಷವಾಗಿತ್ತು. ಗಡಿಯಾರ ನೋಡಿಕೊಂಡು ಬರುವ ಕಳ್ಳ ಸಿಕ್ಕೇ ಸಿಗುತ್ತಾನೆ.

11.30ಕ್ಕೆ ಸ್ಥಳ ಪಂಚನಾಮೆ. ಪಂಚರು ಫೋರ್ಕ್‌ಲಿಫ್ಟ್ ಓಡಿಸುವ ಬಾವ ಎಂಬಾತ, ಪ್ಯಾಂಟ್ರಿಯ ಉರ್ಸುಲಾ. ಪ್ರಿಂಟರ್ ಕೇಬಲ್ಲಿನ ತುದಿಯ ಕ್ಲಿಪ್ ಸವೆದು ಮುರಿದಿತ್ತು. ಐದು ದಿನ ಕಿತ್ತರೆ ಅಷ್ಟು ಸವೆಯುವುದಿಲ್ಲ. ಇದು ವರ್ಷಗಟ್ಟಲೆಯ ಕೈವಾಡ.

“ಇಲ್ಲಿ ಮಧ್ಯಾಹ್ನ ಯಾರಿರ್ತಾರಮ್ಮ?”

“ಕಜೆತಾನ್ ಸರ್ ಒಬ್ರೇ, ಇಲ್ಲೇ ಊಟ ಮಾಡುದು. ಆದ್ರೆ ಕಳೆದ ವಾರದಿಂದ ಅವರ ಡಬ್ಬಿ ತೊಳೆಯುವಾಗ ಅನ್ನ ಹಾಗೆಯೇ ಉಂಟು,” ಎಂದಳು ಉರ್ಸುಲಾ.

ಮುನಿಸ್ವಾಮಿ ಅದನ್ನೂ ಬರೆದುಕೊಂಡರು. 12.55ಕ್ಕೆ ಚಿರಂತನ್‌ನನ್ನು ಎಳೆದುಕೊಂಡು ರಟ್ಟಿನ ಪೆಟ್ಟಿಗೆಗಳ ಹಿಂದೆ ಕುಳಿತರು.

1.05. ಕಜೆತಾನ್ ಬಂದರು. ತಲೆ ಬಾಚಿಕೊಂಡರು. ಪ್ರಿಂಟರ್‌ನ ಕೇಬಲ್ ಕಿತ್ತು ತಮ್ಮ ಹಳೇ ಲ್ಯಾಪ್‌ಟಾಪಿಗೆ ಚುಚ್ಚಿ, ಮುಂದೆ ಡಬ್ಬಿ ಇಟ್ಟುಕೊಂಡು ಕುಳಿತರು. ಪರದೆಯ ಮೇಲೆ ಏನೂ ಬರಲಿಲ್ಲ.

“ದೂರುದಾರರೇ,” ಮುನಿಸ್ವಾಮಿ ಎದ್ದು ನಿಂತರು, “ಆರೋಪಿಯೂ ನೀವೇ.”

“ನಾನು ಎಂತ ಮಾಡಿದೆ? ಆರು ವರ್ಷದಿಂದ ಊಟದ ಹೊತ್ತಿಗೆ ತೆಗೀತೇನೆ, ಮತ್ತೆ ಹಾಕ್ತೇನೆ. ಪ್ರಿಂಟರ್ ಒಂದು ದಿನವೂ ಸಾಯ್ಲಿಲ್ಲ.”

“ಆಗ ಕಾವಲಿರಲಿಲ್ಲ. ಯಾಕೆ ತೆಗೀತೀರಿ?”

ಕಜೆತಾನ್ ಡಬ್ಬಿಯನ್ನೇ ನೋಡಿದರು. “ನನ್ನ ಹೆಂಡತಿ ವೆರೋನಿಕಾ ಅಬುಧಾಬಿಯಲ್ಲಿ ನರ್ಸ್. ಒಂದೂ ಐದಕ್ಕೆ ಅವಳೂ ಡಬ್ಬಿ ತೆಗೀತಾಳೆ. ವಿಡಿಯೋದಲ್ಲಿ ಒಟ್ಟಿಗೆ ಪ್ರಾರ್ಥನೆ ಹೇಳಿ ಊಟ ಮಾಡುದು. ಈ ತಗಡಿನೊಳಗೆ ಮೊಬೈಲ್ ಸಿಗ್ನಲ್ ಮಾಫಿ, ಇಲ್ಲವೇ ಇಲ್ಲ, ಹೊರಗೆ ನಲವತ್ತಾರು ಡಿಗ್ರಿ.”

“ಒಬ್ಬರೇ ಪ್ರಾರ್ಥನೆ ಹೇಳಿ ಉಣ್ಣಬಹುದಿತ್ತಲ್ಲ?”

“ಶುರು ಮಾಡುವವಳು ಅವಳು. ನಾನು ಆಮೇನ್ ಹೇಳುವವ ಮಾತ್ರ.”

ಚಿರಂತನ್‌ಗೆ ಬಂದಿದ್ದ ಸಿಟ್ಟು ಅಲ್ಲಿಗೇ ಇಳಿಯಿತು. ಕಜೆತಾನ್ ಊಟ ಮುಟ್ಟದೆ ನೇರ ಮ್ಯಾನೇಜರ್ ಬಳಿ ಹೋಗಿ, ತಪ್ಪು ತನ್ನದೇ, ಆ ಹುಡುಗನ ಕೆಲಸಕ್ಕೆ ಕುತ್ತು ತರಬೇಡಿ ಎಂದು ಹೇಳಿಕೆ ಕೊಟ್ಟರು. ಬುಧವಾರ ಬೆಳಿಗ್ಗೆ ಸಹಿ ಬಿತ್ತು. ಮಾನ್ಯಳಿಗೆ ಫೋನ್ ಮಾಡಿದ ಮೇಲೆ ಚಿರಂತನ್ ಮಾಡಿದ ಮೊದಲ ಕೆಲಸ ಪ್ಯಾಂಟ್ರಿಗೆ ಒಂದು ಪೋರ್ಟ್ ಎಳೆದದ್ದು. ಪರಿಚಯವಿಲ್ಲದ ಯಂತ್ರ ಬಂದರೆ ಅದು ಮುಚ್ಚಿಕೊಳ್ಳುವುದಿಲ್ಲ. ಆಫೀಸಿನ ಲೈನಿಗೆ ಬಿಡದೆ ಅತಿಥಿಗಳ ಲೈನಿಗೆ ಕಳಿಸುತ್ತದೆ.

ಅಂದು 1.05ಕ್ಕೆ ವೆರೋನಿಕಾ ಪರದೆಯ ಮೇಲೆ ಬಂದು ಪ್ರಾರ್ಥನೆ ಶುರು ಮಾಡಿದರು. ತಪಾಸಣೆಗೆಂದು ಬಂದಿದ್ದ ಮುನಿಸ್ವಾಮಿ ಟೋಪಿ ತೆಗೆದು ನಿಂತರು. ಆಮೇಲೆ ಕೋಣೆಗೆ ಹೋಗಿ ಅಂತಿಮ ವರದಿ ಬರೆದರು.

‘ಕೃತ್ಯದ ಉದ್ದೇಶ: ಒಬ್ಬರೇ ಉಣ್ಣಲು ಆಗದಿರುವುದು. ವಶಪಡಿಸಿಕೊಂಡ ವಸ್ತು: ಊಟದ ಡಬ್ಬಿ ಒಂದು, ಖಾಲಿ.’