ಎಂ. ಬೆಲ್ಲ, ಉಳ್ಳೇನ್ ಅಯ್ಯಾ!

"ಎತ್ತಾ... ಎತ್ತೋ ಕಾಲ!"

ಬಗ್ಗಿ ಬಗ್ಗಿ ಲೋಕೇಶ್ವರಿಯ ಅಪ್ಪ ಮಹದೇವಸ್ವಾಮಿ ಬೆವರಿಹೋಗಿದ್ದ. ಬೆಲ್ಲ ಮಾತ್ರ ನಾಲ್ಕು ಕಾಲನ್ನೂ ನೆಲಕ್ಕೆ ನೆಟ್ಟುಕೊಂಡು ನಿಂತಿದ್ದ. ಎರಡು ವರ್ಷದ ಗಂಡು ಕುದುರೆ ಮರಿ. ಬಣ್ಣ ಬೆಲ್ಲದ್ದೇ, ಹಟ ಮಾತ್ರ ಯಾರದ್ದೋ!

ಕುದುರೆ ಕೊಳ್ಳಲು ಕೆಳಗಿನ ಗೋಬಿ ಊರಿಂದ ಘಾಟ್ ಹತ್ತಿ, ತಮಿಳುನಾಡಿನ ಗಡಿಯಂಚಿನ ಪಣಕಹಳ್ಳಿಗೆ ಬಂದಿದ್ದ ಗೌಂಡರ್ ತಲೆ ಅಲ್ಲಾಡಿಸಿ ತಮಿಳು ಬೆರೆತ ಕನ್ನಡದಲ್ಲಿ ಅಂದರು.

"ಮೈ ಚೆನ್ನಾಗಿದೆ. ಸುಳಿನೂ ನಲ್ಲ ಸುಳಿ. ಆದ್ರೆ ಕಾಲೇ ಕೊಡ್ದಿದ್ರೆ ಲಾಳ ಎಪ್ಪಡಿ ಕಟ್ಟೋದು ತಂಬಿ?"

"ಆರು ತಿಂಗ್ಳಿಂದ ಬರೀ ಉಳ್ಳಿ ತಿನ್ಸಿವ್ನಿ ಗೌಂಡ್ರೇ! ನಮ್ಮನೇಲಿ ಉಳ್ಳಿ ಸಾರು ಕಂಡು ಯಾವ ಕಾಲ ಆಯ್ತೋ! ಎಣ್ಣೆ ಬ್ಯಾರೆ, ಡಾಕ್ಟ್ರು ಬ್ಯಾರೆ..."

ಹುರುಳಿಗೆ ಅವರೂರಲ್ಲಿ ಉಳ್ಳಿ ಅಂತಲೇ ಹೆಸರು.

"ತಿಂದಿದ್ದು ಮೈ ಮೇಲೆ ಕಾಣ್ತದೆ. ಕಲ್ತಿದ್ದು ಕಾಣಲ್ಲ," ಎಂದರು ಗೌಂಡರ್.

ಪಕ್ಕದಲ್ಲೇ ನಿಂತಿದ್ದ ಲೋಕೇಶ್ವರಿ ತಲೆ ತಗ್ಗಿಸಿದಳು. ಅಯ್ಯೋ, ತಪ್ಪು ಅವಳದ್ದೇ! ದಿನಾ ಸಾಯಂಕಾಲ ಅಪ್ಪ ಹೊಲದಲ್ಲಿದ್ದಾಗ ಅವಳದ್ದು ಬೆಲ್ಲನ ಜೊತೆ ಸ್ಕೂಲ್ ಆಟ. ಅವಳು ಟೀಚರ್, ಬೆಲ್ಲ ಒಬ್ಬನೇ ಸ್ಟೂಡೆಂಟ್. ಅವಳ ಸ್ಕೂಲಲ್ಲಿ ಸಾರ್ ಹಾಜರಿ ಕರೆದರೆ ತಮಿಳಲ್ಲಿ "ಉಳ್ಳೇನ್ ಅಯ್ಯಾ" ಅನ್ನಬೇಕು. ಇದ್ದೀನಿ ಸಾರ್ ಅಂತ. ಪಾಪ, ಬೆಲ್ಲನಿಗೆ ಮಾತು ಬರುವುದಿಲ್ಲವಲ್ಲ! ಅವನ ಪರವಾಗಿ ಅವಳೇ ಹಾಗೆ ಅನ್ನುತ್ತಿದ್ದಳು. ಅವನು ಕಾಲೆತ್ತಿ ಅವಳ ಕೈಗೆ ಕೊಡುತ್ತಿದ್ದ. ಬಾಯಿಗೆ ಡಬ್ಬಿಯಿಂದ ಒಂದು ಹಿಡಿ ಉಳ್ಳಿ ಬೀಳುತ್ತಿತ್ತು. ಬೇರೆ ಯಾವ ಮಾತಿಗೂ ಕಾಲೆತ್ತುವುದನ್ನು ಅವನು ಕಲಿಯಲೇ ಇಲ್ಲ.

ಈಗ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಗೌಂಡರ್ ಹೋಗುತ್ತಾರೆ, ಬೆಲ್ಲ ಇಲ್ಲೇ ಉಳಿಯುತ್ತಾನೆ. ಅವಳಿಗೆ ಒಳಗೊಳಗೇ ಖುಷಿಯಾಯಿತು. ಅಪ್ಪನ ಮುಖ ನೋಡಿದರೆ ಅಳುವೂ ಬಂತು.

"ಅಗ್ಗ ಆಕಿ ಎಳುದ್ರ ಕೊಡ್ತದ ಬುಡಿ," ಎಂದು ಅಪ್ಪ ಹಗ್ಗ ತಂದ.

ಬೆಲ್ಲ ಕಿವಿ ಹಿಂದಕ್ಕೆ ಮಡಚಿದ. ಅವನ ಹೊಟ್ಟೆಯ ಚರ್ಮ ನಡುಗತೊಡಗಿತು.

ಇವತ್ತು ಅಪ್ಪ, ನಾಳೆ ಇನ್ಯಾರೋ. ಹೋದಲ್ಲೆಲ್ಲ ಇವನಿಗೆ ಹಗ್ಗವೇ. ಕಾಲೆತ್ತಿಸುವ ಆ ಮಾತು ಅವಳಿಗಲ್ಲದೆ ಯಾರಿಗೂ ಗೊತ್ತಿಲ್ಲವಲ್ಲ!

"ಅಪ್ಪಾ, ಬ್ಯಾಡ! ನಾನ್ ಎತ್ತುಸ್ತೀನಿ!"

ಮುಂದೆ ಬಂದವಳೇ ಥೇಟ್ ಸಾರ್ ಥರ ಗಂಟಲು ಸರಿಮಾಡಿಕೊಂಡಳು. "ಎಂ. ಬೆಲ್ಲ!" ಎಂದು ಕರೆದು, ಬಗ್ಗಿ ಕೈ ಚಾಚಿ, ಮೆತ್ತಗೆ "ಉಳ್ಳೇನ್ ಅಯ್ಯಾ," ಎಂದಳು.

ಬೆಲ್ಲ ಮುಂಗಾಲೆತ್ತಿ ಅವಳ ಕೈಯಲ್ಲಿಟ್ಟ. ಆಮೇಲೆ ಇನ್ನೊಂದು. ಹಾಗೇ ಹಿಂಗಾಲು ಎರಡೂ.

ಗೌಂಡರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಡಡಾ! ಅಪ್ಪನ ಇನಿಷಿಯಲ್ ಬೇರೆ!"

"ಉಳ್ಳೇನ್ ಅಂದ್ರ ಉಳ್ಳಿ ಬತ್ತದ ಅನ್ಕಬುಟ್ಟದ ಕಣಮ್ಮಿ ಅದು!" ಅಪ್ಪನಿಗೂ ನಗು ತಡೆಯಲಾಗಲಿಲ್ಲ.

"ಉಳ್ಳಿ ಯಾರು ಬೇಕಾದ್ರೂ ಹಾಕ್ತಾರೆ ತಂಬಿ. ಇಷ್ಟು ಪೊರುಮೆಯಾಗಿ, ತಾಳ್ಮೆಯಾಗಿ ಕೂತು ಕಲಿಸೋರು ಯಾರು? ನೀನು ಕೇಳಿದ ರೇಟೇ ಇರಲಿ."

ಲೋಕೇಶ್ವರಿ ಹಗ್ಗವನ್ನು ದೂರ ಸರಿಸಿದಳು. "ತಾತ, ನೀವೂ ಅನ್ನಿ."

ಬಿಳಿ ಮೀಸೆಯ ಗೌಂಡರ್ ಕುದುರೆ ಮುಂದೆ ಬಗ್ಗಿ ಕೈ ಚಾಚಿದರು. "ಬೆಲ್ಲ! ಉಳ್ಳೇನ್ ಅಯ್ಯಾ!"

"ಜೋರಾಗಲ್ಲ, ಮೆತ್ತಗ. ಎಂ. ಬುಡಬ್ಯಾಡಿ."

ಮೂರನೇ ಸಲಕ್ಕೆ ಬೆಲ್ಲ ಅವರ ಕೈಗೂ ಕಾಲು ಕೊಟ್ಟ. ಲೋಕೇಶ್ವರಿ ಉಳ್ಳಿಯ ಡಬ್ಬಿಯನ್ನೂ ಅವರಿಗೇ ಕೊಟ್ಟುಬಿಟ್ಟಳು.

ಸೋಮವಾರ ಸ್ಕೂಲಲ್ಲಿ ಸಾರ್ ಹಾಜರಿ ಕರೆದರು. "ಎಂ. ಲೋಕೇಶ್ವರಿ!"

"ಉಳ್ಳೇನ್ ಅಯ್ಯಾ!"

ಬೆಂಚಿನ ಕೆಳಗೆ ಅವಳ ಬಲಗಾಲು ತಾನಾಗಿಯೇ ಮೇಲೆದ್ದಿತು. ಅವಳಿಗೆ ನಗು ಬಂತು. ಗೋಬಿಯಲ್ಲೂ ಈಗ ಬೆಲ್ಲನ ಹಾಜರಿ ಆಗುತ್ತಿರಬೇಕು ಅಂದುಕೊಂಡು ಅವಳು ಕಾಲು ಕೆಳಗಿಟ್ಟಳು.