ಸಣ್ಣ ಎಫ್

"ನೋಟ್‌ಬುಕ್ ಕೊಡ್ತೀಯಾ, ಇಲ್ಲ ಕೈ ಮುರೀಲಾ?"

"ಮುರೀರಿ. ಇನ್ನೊಂದು ಕೈ ಇದೆ."

ನೂರೀನ್ ಬಾಯಿ ಜೋರಿನವಳು. ಅನಂತರಾಜು ಸಾಹೇಬರ ಲ್ಯಾಬಿನಲ್ಲಿ ಕ್ಯಾನ್ಸರ್ ಸ್ಕ್ಯಾನಿಂಗಿನ ಮದ್ದು ಮಾಡುವವಳು. ಆ ಸಾಹೇಬರ ಕೊಳಕು ಕೆಲಸ ಮಾಡುವವನು ನಾನು. ಹೆಬ್ಬಾಳದಿಂದ ಅವಳ ಸ್ಕೂಟರಿನ ಬೆನ್ನು ಹತ್ತಿ ಕೊಡಿಗೇಹಳ್ಳಿ ರೈಲ್ವೆ ಗೇಟಿನ ಮುಂದೆ ಹಿಡಿದಿದ್ದೆ. ಗೇಟು ಹಾಕಿತ್ತು. ಸಾಹೇಬರು ನನಗೆ ಕೊಟ್ಟ ಕಾರಿನ ಹಿಂದೆ ಅವರದೇ ಜೀಪು. ಒಳಗೆ ನಾಲ್ಕು ಜನ... ನಾನು ಕೈ ಎತ್ತಿದರೆ ಇಳಿಯುವವರು.

"ಅದ್ರಲ್ಲಿ ಅಂಥಾದ್ದೇನಿದೆ?"

"ನಮ್ಮ ಮದ್ದು ಅಂದ್ರೆ ಪೆಪ್ಟೈಡ್. ಪುಟಾಣಿ ಮಣಿಸರ. ಬಾಲಕ್ಕೆ ರೇಡಿಯೋ ಆಕ್ಟಿವ್ ಕಣ ಕಟ್ತೀವಿ. ಕ್ಯಾನ್ಸರ್ ಇರೋ ಕಡೆ ಹೋಗಿ ಅಂಟ್ಕೊಳ್ಳುತ್ತೆ, ಸ್ಕ್ಯಾನಲ್ಲಿ ಆ ಜಾಗ ಹೊಳೆಯುತ್ತೆ. ಅದಕ್ಕೆ ಒಂದು ಮಣಿ ಉಲ್ಟಾ ಇರ್ಬೇಕು. ಸಣ್ಣ ಎಫ್ ಅಂತ ಬರೆದಿದ್ದೆ. ಆಫೀಸಿನವರು ನೀಟಾಗಿ ಕಾಣ್ಲಿ ಅಂತ ಎಲ್ಲಾ ಕ್ಯಾಪಿಟಲ್ ಮಾಡಿ, ಸರ ಪೋಣಿಸೋ ಕಂಪನಿಗೆ ಆರ್ಡರ್ ಕಳಿಸಿದ್ರು."

"ಎರಡೂ ಒಂದೇ ಅಲ್ವೇನಮ್ಮ?"

ನಮ್ಮೂರ ಸ್ಕೂಲಿನಲ್ಲಿ ಹಾಗೇ ಕಲಿಸಿದ್ದರು.

"ಅಲ್ಲ. ದೊಡ್ಡ ಎಫ್ ಅಂದ್ರೆ ಸೀದಾ ಮಣಿ. ಎಡಗಾಲಿಗೆ ಬಲಗಾಲಿನ ಚಪ್ಪಲಿ. ತೂಕ ಅಷ್ಟೇ, ಅದಕ್ಕೇ ಟೆಸ್ಟಲ್ಲಿ ಸಿಗ್ಲಿಲ್ಲ. ಕ್ಯಾನ್ಸರಿಗೆ ಅಂಟ್ಲಿಲ್ಲ. ಹದಿನಾಲ್ಕು ಜನಕ್ಕೆ ಕೊಟ್ರು. ಹದಿನಾಲ್ಕೂ ಕ್ಲೀನ್. ಕಾಯಿಲೆ ಹೋಯ್ತು ಅಂತ ಮನೆಗೆ ಕಳಿಸಿದ್ರು. ಸಾಹೇಬರು ಮುಚ್ಚಿಹಾಕು ಅಂತಾರೆ. ಆ ಹದಿನಾಲ್ಕೂ ಜನಾನ ವಾಪಸ್ ಕರೀಬೇಕು ಅಣ್ಣ, ಇವತ್ತೇ. ಹೆಸರೆಲ್ಲ ಇದರಲ್ಲಿದೆ."

"ಯಾವಾಗಿನ ಮಾತು?"

"ಹೋದ ಆಗಸ್ಟ್."

ಅವಳ ಕೈ ಬಿಟ್ಟೆ.

ಆಗಸ್ಟ್‌ನಲ್ಲಿ ನನ್ನ ಹೆಂಡತಿ ಗಂಗರತ್ನಮ್ಮನಿಗೆ ಸಾಹೇಬರೇ ಹೇಳಿ ಸ್ಕ್ಯಾನ್ ಮಾಡಿಸಿದ್ದರು. ಕ್ಲೀನ್. ಬಾಗಲೂರಿನ ನಮ್ಮ ಬೀದಿಗೆಲ್ಲ ಮೈಸೂರುಪಾಕು ಹಂಚಿದೆ. ಅವಳು ಮಾತ್ರ ಹೊಟ್ಟೆ ನೋವು ಅನ್ನುತ್ತಲೇ ಇದ್ದಳು.

"ಮಿಷನ್ನೇ ಏನೂ ಇಲ್ಲ ಅಂದಮ್ಯಾಕೆ ನಿಂದೇನೇ ಗೋಳು?"

ಹಾಗೆ ಗದರಿದೆ. ಅವಳು ಹೇಳುವುದನ್ನೇ ಬಿಟ್ಟಳು. ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದು ಕೂತವಳು, ನನ್ನ ಕಾರಿನ ಸದ್ದಿಗೆ ಗಡಬಡಿಸಿ ಏಳುತ್ತಿದ್ದಳು. ಸಂಕ್ರಾಂತಿಗೆ ಮುಂಚೆ ತೀರಿಹೋದಳು. ಈಗಲೂ ಮನೆ ಮುಂದೆ ಕಾರು ನಿಲ್ಲಿಸಿದರೆ... ಯಾರೋ ಏಳುವ ಸದ್ದು. ಬಳೆ ಸಮೇತ.

ನೋಟ್‌ಬುಕ್ ನೂರೀನೇ ತೆರೆದು ಹಿಡಿದಳು. ಒಂಬತ್ತನೆಯ ಹೆಸರು ಗಂಗರತ್ನಮ್ಮ. ಅದರ ಮೇಲೆ ಬೆರಳಿಟ್ಟೆ.

"ಇವರು ಗೊತ್ತಾ?"

"ಇವಳಿಗೆ ಫೋನ್ ಮಾಡ್ಬೇಡ. ಮಿಕ್ಕ ಹದಿಮೂರು ಜನಕ್ಕೆ ಮಾಡು."

ಅವಳು ನನ್ನ ಮುಖವನ್ನೇ ನೋಡಿದಳು. ನೋಟ್‌ಬುಕ್ ಚೀಲಕ್ಕೆ ಹಾಕಿ ಸ್ಕೂಟರ್ ಸ್ಟಾರ್ಟ್ ಮಾಡಿದಳು.

ರೈಲು ಹೋಯಿತು. ಗೇಟು ಎದ್ದಿತು. ಸ್ಕೂಟರು ಹಳಿ ದಾಟಿತು. ಜೀಪಿನವರು ಹಾರ್ನ್ ಒತ್ತತೊಡಗಿದರು. ನಾನು ಕಾರನ್ನು ರಸ್ತೆಗೆ ಅಡ್ಡ ತಿರುಗಿಸಿದೆ. ಕೀಲಿ ಕಿತ್ತು ಚರಂಡಿಗೆ ಎಸೆದೆ. ಹಳಿಯ ಪಕ್ಕ ನಡೆದೆ.

ಫೋನ್ ಬಂತು. ಸಾಹೇಬರು.

"ಎಲ್ಲೋ ಇದೀಯಾ? ಯಾವಾಗ್ ಬರ್ತೀಯಾ?"

"ಬರಲ್ಲ ಸಾರ್. ನಿಮ್ಮ ಕಾರು ಕೊಡಿಗೇಹಳ್ಳಿ ಗೇಟಲ್ಲಿ ರಸ್ತೆಗೆ ಅಡ್ಡ ನಿಂತಿದೆ. ಅಡ್ರೆಸ್ ಬೇಕಾಗಲ್ಲ, ಜನರ ಬೈಗುಳ ಕೇಳಿಸೋ ಕಡೆ ಬನ್ನಿ."